‘ದನಲಕ್ಷ್ಮಿ’ ತೋರಿಸಿದ ಮಾನಿಟರ್

“ಮಾನಿಟರಲ್ಲಿ ಕನ್ನಡ ಯಾರ್ ಓದ್ತಾರೆ ಮೇಡಂ?”

ವೈಟ್‌ಫೀಲ್ಡಿನ ಅಂಗಡಿಯ ಸೇಲ್ಸ್‌ಮ್ಯಾನ್ ಅಚ್ಚಗನ್ನಡದಲ್ಲೇ ಹೀಗೆ ಕೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ದೊಡ್ಡ ಪರದೆಯಲ್ಲಿ ಕಾರ್ ರೇಸ್ ಓಡಿಸಿ ತೋರಿಸುತ್ತಿದ್ದವನಿಗೆ, ಒಂದು ಕನ್ನಡ ಪುಟವನ್ನೂ ತೋರಿಸಪ್ಪ ಎಂದಿದ್ದೆ, ಅಷ್ಟೇ. ಹಗಲು ನನ್ನ ಕೆಲಸಕ್ಕೆ, ಸಂಜೆ ನಮ್ಮ ಯಜಮಾನರ ಗೇಮ್‌ಗೆ ಒಂದೇ ಮಾನಿಟರ್ ಕೊಳ್ಳಲು ಹೋಗಿದ್ದೆವು. ಪೀಣ್ಯದ ಪ್ರೆಸ್ಸೊಂದಕ್ಕೆ ಲಗ್ನಪತ್ರಿಕೆಗಳ ಕರಡು ತಿದ್ದುವುದು ನನ್ನ ಕೆಲಸ.

“ಸಕ್ಕತ್ತಾಗಿದೆ ಕಣೇ,” ಎಂದು ಇವರು ಆಗಲೇ ಕರಗಿಹೋಗಿದ್ದರು. ನಾನು ಬಿಡದೆ ಸೇಲ್ಸ್‌ಮ್ಯಾನ್ ಕೈಲಿ ಕರಡೊಂದನ್ನು ತೆರೆಸಿ, ವಧುವಿನ ಹೆಸರು ಓದು ಎಂದೆ.

“ದನಲಕ್ಷ್ಮಿ,” ಎಂದ.

ಪರದೆ ದೊಡ್ಡದಾದರೂ ಅಕ್ಷರ ಮೂಡಿಸುವ ಪಿಕ್ಸೆಲ್ ಚುಕ್ಕಿಗಳು ಒರಟು. ‘ಧ’ದ ಹೊಟ್ಟೆ ಸೀಳುವ ಗೆರೆಯೇ ಮುಚ್ಚಿಹೋಗಿತ್ತು.

“ಒಂದು ಗೀಟು ತಾನೇ ಮೇಡಂ, ಅಡ್ಜಸ್ಟ್ ಮಾಡ್ಕೊಳ್ಳಿ. ಗೇಮ್‌ಗೆ ಇದೇ ಬೆಸ್ಟು.”

“ಮದುಮಗಳನ್ನ ದನ ಮಾಡ್ಬಿಟ್ಟು ಅಡ್ಜಸ್ಟ್ ಮಾಡ್ಕೊ ಅಂತೀಯಲ್ಲಪ್ಪ! ಹೀಗೇ ಅಚ್ಚಾದ್ರೆ ನನ್ನ ಕೆಲಸ ನೀನು ಉಳಿಸ್ತೀಯಾ?” ಎಂದು ಎದ್ದುಬಂದೆ. ಇವರು ಕಾರ್ ರೇಸನ್ನು ತಿರುತಿರುಗಿ ನೋಡುತ್ತಾ ಹಿಂದೆ ಬಂದರು.

ಬೇರೆ ಅಂಗಡಿಯಿಂದ ಚಿಕ್ಕದಾದರೂ ಅಕ್ಷರ ಚೊಕ್ಕವಾಗಿ ಕಾಣುವ ಮಾನಿಟರ್ ತಂದೆವು. ಇವರ ಆಟಕ್ಕೂ ಏನೂ ಕುಂದಿಲ್ಲ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನುತ್ತಿದ್ದರು ನಮ್ಮಜ್ಜಿ. ಉಡುವ ಸೀರೆಗೆ ಆ ಮಾತು ಒಪ್ಪುತ್ತೇನೆ. ಓದುವ ಅಕ್ಷರಕ್ಕೂ ಪರರಿಚ್ಛೆಯೇ?