ಮಷೀನ್ ಗಲ್ಲಿಯವರು ಭಾರತವಾಗದ ಬೇಸಿಗೆ

ಆಗ ನಮ್ಮ ಶಹಾಬಾದದಲ್ಲಿ ನಾಲ್ಕು ದೇಶಗಳಿದ್ದವು. ಬೇಸಿಗೆ ರಜೆಯ ಭಾನುವಾರ ಬೆಳಗಾದರೆ ಸಾಕು, ನಾಲ್ಕೂ ಒಂದು ಹಳೆಯ ಕಲ್ಲಿನ ಖಣಿಯ ದಂಡೆಯ ಮೇಲೆ ಸೇರಿ ಗಂಟಲು ಹರಿಯುವಂತೆ ಜಗಳಾಡುತ್ತಿದ್ದವು. ಭಾರತ ವಿಶ್ವಕಪ್ ಗೆದ್ದು ತಂದ ಮರುವರ್ಷದ ಮಾತಿದು. ಗೋಲಿ, ಚಿಣಿದಾಂಡು ಎಲ್ಲ ಒಂದೇ ವರ್ಷದಲ್ಲಿ ಮೂಲೆ ಸೇರಿದ್ದವು. ಊರ ಹುಡುಗರಿಗೆಲ್ಲ ಕ್ರಿಕೆಟ್ಟಿನ ಹುಚ್ಚು. ನನಗೆ ಅದರ ಮೇಲೆ ಇನ್ನೊಂದು ಹುಚ್ಚು: ದೊಡ್ಡವರಿಗೆ ವಿಶ್ವಕಪ್ ನಡೆಸಲು ಬರುವುದಿಲ್ಲ, ನಾನು ನಡೆಸಿ ತೋರಿಸುತ್ತೇನೆ ಎಂಬುದು. ಹನ್ನೆರಡು ವರ್ಷದವನ ಸೊಕ್ಕು ಅಂದರೆ ಏನು ಕೇಳುತ್ತೀರಿ!

ಅದಕ್ಕೆಂದೇ ಒಂದು ನೂರು ಹಾಳೆಯ ನೋಟುಬುಕ್ಕು ಇಟ್ಟಿದ್ದೆ. ಅದರಲ್ಲಿ ಬರೆದದ್ದೇ ಕಾಯಿದೆ. ಅರವತ್ತು ಓವರ್ ಆಡಿದರೆ ನಮ್ಮ ಬಿಸಿಲಿಗೆ ಹೆಣ ಬೀಳುತ್ತವೆ, ಆದ್ದರಿಂದ ಹತ್ತು ಓವರ್. ಪಿಚ್ಚಿಗೆ ಫರ್ಸಿ, ಅಂದರೆ ನಮ್ಮೂರ ಹಾಸುಗಲ್ಲು, ಹಾಸಿದ್ದೆವು. ನುಣುಪಾದ ಮೈ ಮೇಲಿದ್ದರೆ ಚೆಂಡು ಜಾರಿ ಬಂದು ಮೊಣಕಾಲಿಗೆ ಬಡಿಯುತ್ತಿತ್ತು, ಅದಕ್ಕೆ ಕಲ್ಲುಗಳನ್ನೆಲ್ಲ ಬೋರಲು ಹಾಕಿಸಿ ಒರಟು ಮೈ ಮೇಲೆ ಮಾಡಿದೆ. ಮೂಡಲಿಗೆ ಮುಖ ಮಾಡಿ ನಿಂತವನಿಗೆ ಎಳೆಬಿಸಿಲು ಕಣ್ಣು ಕುಕ್ಕುತ್ತದೆ, ಅದಕ್ಕೆ ಐದು ಓವರಿಗೊಮ್ಮೆ ದಿಕ್ಕು ಬದಲಿ. ಗೂಡ್ಸ್ ಗಾಡಿ ಬಂದರೆ ಅದು ದಾಟುವ ತನಕ ಆಟ ಬಂದ್. ಯಾಕೆಂದರೆ ರೈಲ್ವೆ ಕ್ವಾರ್ಟರ್ಸಿನ ಹುಡುಗರು ಡಬ್ಬಿ ಎಣಿಸುತ್ತ ನಿಂತು ಕೈಗೆ ಬಂದ ಕ್ಯಾಚು ಬಿಡುತ್ತಿದ್ದರು. ಇವೆಲ್ಲ ಒಳ್ಳೆಯ ಕಾಯಿದೆಗಳೇ. ಇವತ್ತಿಗೂ ನಾನು ಅವುಗಳ ಪರವಾಗಿ ವಾದ ಮಾಡಬಲ್ಲೆ.

ತಕರಾರು ಬಂದದ್ದು ಹೆಸರಿನಲ್ಲಿ. ಮಠದ ಓಣಿಯ ನಾವು ಭಾರತ. ಇದನ್ನು ನಾನು ಯಾರನ್ನೂ ಕೇಳಲಿಲ್ಲ. ನೋಟುಬುಕ್ಕು ನನ್ನದು, ಚೆಂಡೂ ನನ್ನದು. ಸ್ಟೇಷನ್ ಕಡೆಯ ರವಿ ಭಾಳ ಜೋರಾಗಿ ಚೆಂಡು ಎಸೆಯುತ್ತಿದ್ದ, ಅವರು ವೆಸ್ಟ್ ಇಂಡೀಸ್. ಬಜಾರದ ಹುಡುಗರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರಿಂದ ಇಂಗ್ಲೆಂಡ್. ಉಳಿದದ್ದು ಮಷೀನ್ ಗಲ್ಲಿ, ಅಂದರೆ ಕಲ್ಲು ಪಾಲಿಶ್ ಮಾಡುವ ಷೆಡ್ಡುಗಳಿದ್ದ ಓಣಿ. ಅದರ ಕ್ಯಾಪ್ಟನ್ ಬಶೀರ, ಒಂದನೇ ಇಯತ್ತೆಯಿಂದ ನನ್ನ ಪಕ್ಕ ಕುಳಿತವನು. ಅವರ ಮುಂದೆ ನಾನು ಪಾಕಿಸ್ತಾನ ಎಂದು ಬರೆದೆ.

ಬಶೀರ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದ. "ಲೇ ಶರಣ್ಯಾ, ನಾವ್ಯಾಕಲೇ ಅದು?"

"ಮತ್ತ್ಯಾವ್ದು ಉಳದದ?"

"ಆಸ್ಟ್ರೇಲಿಯಾ ಅದ, ನ್ಯೂಜಿಲೆಂಡ್ ಅದ. ಶ್ರೀಲಂಕಾ ಬರಿ ಬೇಕಾದ್ರ."

"ಬರದು ಆಗ್ಯದಲ್ಲೋ. ಗೀಚಿದ್ರ ಹಾಳಿ ಕೆಡ್ತದ."

ಇಷ್ಟೇ ನಾನು ಹೇಳಿದ್ದು. ಅವನ ತಂಡದಲ್ಲಿ ಅರ್ಧ ಮಂದಿ ಮಲ್ಲ್ಯಾ, ಹಣಮ್ಯಾ, ಭೀಮ್ಯಾ, ನಮ್ಮಂಥವರೇ. ನಮ್ಮಂಥವರು ಎಂದು ಈಗ ಬರೆಯುವಾಗ ಪೆನ್ನು ತಡೆಯುತ್ತದೆ. ಆಗ ತಡೆದಿರಲಿಲ್ಲ. ಬಶೀರ ಮೂಗೇರಿಸಿದ, ಕಲ್ಲೊಂದನ್ನು ಒದ್ದ, ಆಮೇಲೆ ತಾನೇ ಒಂದು ಉಪಾಯ ಹೇಳಿದ: "ಹಂಗಾರ ಹಿಂಗ್ ಮಾಡಮ. ಭಾರತಕ್ಕ ಯಾರು ಸೋಲಸ್ತಾರ, ಅವ್ರೇ ಮುಂದಿನ ಐತ್ವಾರ ಭಾರತ. ಸೋತವ್ರು ಗೆದ್ದವ್ರ ಹೆಸರು ತಗೋಬೇಕು. ಏನಂತೀರಲೇ?"

ಎಲ್ಲರೂ ಹೋ ಎಂದರು. ಭಾರತ ಆಗುವುದು ಯಾರಿಗೆ ಬೇಡ? ನನಗೂ ಮಾತು ಸರಿ ಅನ್ನಿಸಿತು, ಬರೆದುಕೊಂಡೆ. ಆ ಕಾಯಿದೆ ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಯಾವ ಶಾಣ್ಯಾನಿಗೂ ಹೊಳೆಯಲಿಲ್ಲ.

ಎರಡನೇ ಭಾನುವಾರ ಸ್ಟೇಷನ್ನಿನವರು ನಮ್ಮನ್ನು ಸೋಲಿಸಿ ಭಾರತವಾದರು, ನಾವು ವೆಸ್ಟ್ ಇಂಡೀಸ್ ಆದೆವು. ಮೂರನೆಯದಕ್ಕೆ ಬಜಾರದವರು ಸ್ಟೇಷನ್ನಿನವರಿಂದ ಭಾರತವನ್ನು ಕಸಿದುಕೊಂಡರು. ನಾಲ್ಕನೆಯದಕ್ಕೆ ನಾವು ಬಜಾರದವರನ್ನು ಹೊಡೆದು ಮತ್ತೆ ಭಾರತವಾದೆವು. ನಾನು ಪಾಯಿಂಟುಗಳನ್ನು ದೇಶದ ಹೆಸರಿನ ಮುಂದೆ ಬರೆಯುತ್ತಿದ್ದೆ. ಹುಡುಗರು ಬದಲಾಗುತ್ತಿದ್ದರು, ಹೆಸರು ಅಲ್ಲಿಯೇ ಇರುತ್ತಿತ್ತು. ಭಾರತದ ಮುಂದೆ ಎರಡು ಪಾಯಿಂಟು ಇದೆಯಲ್ಲ, ಅದು ನಾವು ಗಳಿಸಿದ್ದೋ ರವಿ ಗಳಿಸಿದ್ದೋ? ರವಿ ತನ್ನದೆನ್ನುತ್ತಿದ್ದ, ಬಜಾರದವರು ತಮ್ಮದೆನ್ನುತ್ತಿದ್ದರು, ನಾನು ಮುಂಜಾನೆ ಒಂದು ಹೇಳಿ ಸಂಜೆ ಇನ್ನೊಂದು ಹೇಳುತ್ತಿದ್ದೆ. ಅಪ್ಪ ಒಮ್ಮೆ ರೊಟ್ಟಿ ಮುರಿಯುತ್ತ ನನ್ನ ಪಟ್ಟಿ ನೋಡಿ ನಕ್ಕ. "ಏನಪಾ ಇದು, ಗೆದ್ದವ್ರು ಯಾರು, ಸೋತವ್ರು ಯಾರು? ಹುಚ್ಚ ಮುಂಡೇದೇ, ನಿಂಗರ ತಿಳದದೇನು?"

ತಿಳಿದಿರಲಿಲ್ಲ. ಆದರೆ ಒಂದು ಸಂಗತಿ ಪಟ್ಟಿ ನೋಡದೆಯೂ ಕಾಣುತ್ತಿತ್ತು. ಮಷೀನ್ ಗಲ್ಲಿಯವರು ಒಂದು ಆಟವನ್ನೂ ಸೋತಿರಲಿಲ್ಲ, ಆದರೂ ಅವರು ಪಾಕಿಸ್ತಾನವೇ. ಯಾಕೆಂದರೆ ಭಾರತದ ಎದುರು ಅವರ ಆಟ ಬರುತ್ತಲೇ ಇರಲಿಲ್ಲ. ಯಾರ ಆಟ ಯಾರ ಮೇಲೆ ಎಂದು ಬರೆಯುತ್ತಿದ್ದವನು ನಾನು. ಬೇಕಂತಲೇ ಹಾಗೆ ಬರೆದೆನೇ? ಆಣೆ ಮಾಡಿ ಹೇಳುತ್ತೇನೆ, ಗೊತ್ತಿಲ್ಲ. ಪ್ರತಿ ವಾರ ಏನೋ ಒಂದು ಕಾರಣ ಸಿಗುತ್ತಿತ್ತು, ಆ ಕಾರಣ ನನಗೆ ನಿಜವೆನ್ನಿಸುತ್ತಿತ್ತು. ಬಶೀರನಂತೂ ದಿನಾ ಬಂದು ನನ್ನ ಜೊತೆ ಜಗಳ ತೆಗೆಯುತ್ತಿದ್ದ. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಾಗಲೂ ಬಿಡುತ್ತಿರಲಿಲ್ಲ. "ನಮ್ದು ಭಾರತದ ಸಂಗಾಟ ಯಾವಾಗ್ಲೇ? ಒಂದ್ ಸಲ ಹಾಕಿ ನೋಡಲೇ, ಹೆದರ್ತೀಯೇನು?" ಇಬ್ಬರೂ ಅಂಗಿ ಹಿಡಿದು ಎಳೆದಾಡುತ್ತಿದ್ದೆವು. ಆಮೇಲೆ ಅವನ ಕಿಸೆಯ ಶೇಂಗಾವನ್ನು ಇಬ್ಬರೂ ಹಂಚಿಕೊಂಡು ತಿನ್ನುತ್ತಿದ್ದೆವು.

ಸಾಲಿ ಸುರುವಾಗುವ ಮುಂಚಿನ ಕಡೆಯ ಭಾನುವಾರದ ಹೊತ್ತಿಗೆ ಬೇರೆ ಆಟಗಳೆಲ್ಲ ಮುಗಿದು, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಭಾರತವಾದ ನಮ್ಮ ಮೇಲೆ ಮಷೀನ್ ಗಲ್ಲಿ. ಅವರು ಗೆದ್ದರೆ ಭಾರತವಾಗುತ್ತಾರೆ, ನಾವು ಪಾಕಿಸ್ತಾನವಾಗುತ್ತೇವೆ. ನಮ್ಮ ಓಣಿಯ ಹುಡುಗರು ಹಿಂದಿನ ದಿನವೇ ನನಗೆ ಗುರಾಯಿಸಿ ಹೇಳಿದ್ದರು: "ಸೋತರ ಆ ಹೆಸರು ನಾವು ತಗೋಳಂಗಿಲ್ಲ ನೋಡಪಾ."

ನಾವು ಹತ್ತು ಓವರಿನಲ್ಲಿ ಅರವತ್ತೊಂದು ಹೊಡೆದೆವು. ಬಶೀರ ಆಡಲು ಬಂದ. ಬರಿಗಾಲು, ತಲೆಗೆ ಅವನಪ್ಪನ ಕರವಸ್ತ್ರ. ಅವನು ಅಂದು ಆಡಿದ ಹಾಗೆ ಯಾರೂ ಆಡಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಎರಡು ಸಲ ಚೆಂಡನ್ನು ಖಣಿಯೊಳಗೆ ಇಳಿಸಿದ. ನಾವೇ ಇಳಿದು ತರಬೇಕು, ಏದುಸಿರು ಬಿಡುತ್ತ ಮೇಲೆ ಬಂದರೆ ಮತ್ತೆ ಅಲ್ಲಿಗೇ. ಎಂಟು ಓವರಿಗೆ ಐವತ್ನಾಲ್ಕು. ಇನ್ನು ಹನ್ನೆರಡು ಚೆಂಡು, ಎಂಟು ರನ್ನು. ಮಲ್ಲ್ಯಾ ಆಗಲೇ ಕುಣಿಯಾಕತ್ತಿದ್ದ.

ಆಗ ಗಾಳಿ ಎದ್ದಿತು. ಕಲ್ಲಿನ ಧೂಳು ಮುಖಕ್ಕೆ ರಾಚಿತು, ಮೊದಲ ಮಳೆ ದಬದಬ ಬಿದ್ದಿತು. ಎಲ್ಲರೂ ಓಡಿ ಹತ್ತಿರದ ಪಾಲಿಶ್ ಷೆಡ್ಡಿನೊಳಗೆ ನುಗ್ಗಿದೆವು. ನೆನೆದ ಕಲ್ಲಿನ ವಾಸನೆ, ತಗಡಿನ ಮೇಲೆ ಮಳೆಯ ಸದ್ದು, ಒಳಗೆ ಪಾಲಿಶ್ ಮಷೀನಿನ ಗರಗರ. ಅರ್ಧ ತಾಸಾದರೂ ನಿಲ್ಲಲಿಲ್ಲ, ಪಿಚ್ಚು ನೀರಿನಲ್ಲಿ ಮುಳುಗಿತು.

"ಸರಾಸರಿ ತೆಗಿ," ಎಂದ ಬಶೀರ, ಹಲ್ಲು ಕಟಕಟ ಅನ್ನುತ್ತಿದ್ದರೂ. "ರೇಡಿಯೋದಾಗ ಹಂಗೇ ಮಾಡ್ತಾರ. ನಿಮ್ದು ಓವರಿಗಿ ಆರು ಚಿಲ್ಲರ, ನಮ್ದು ಏಳಕ್ಕ ಹತ್ರ ಅದ. ಗೆದ್ದೀವಿ."

ಅವನ ಲೆಕ್ಕ ಸರಿಯಿತ್ತು. ನಾನು ನೋಟುಬುಕ್ಕನ್ನು ಹೊಟ್ಟೆಯ ಮೇಲಿಂದ, ಅಂಗಿಯೊಳಗಿಂದ ತೆಗೆದೆ. ಸುಮ್ಮನೆ ಹಾಳೆ ತಿರುವಿದೆ. ದಿಕ್ಕಿನ ಕಾಯಿದೆಯಿತ್ತು, ಗೂಡ್ಸ್ ಗಾಡಿಯ ಕಾಯಿದೆಯಿತ್ತು, ಮಳೆಯದಿರಲಿಲ್ಲ. ಬೇಸಿಗೆಯಲ್ಲಿ ಮಳೆಯ ನೆನಪು ಯಾರಿಗಿರುತ್ತದೆ? ನಮ್ಮ ಓಣಿಯ ಹತ್ತು ಜೋಡಿ ಕಣ್ಣು ನನ್ನ ಮೇಲೆ, ಅವರ ಹನ್ನೊಂದು ಜೋಡಿಯೂ ನನ್ನ ಮೇಲೆ. "ಮುಗೀಲಾರದ ಆಟ ಆಟೇ ಅಲ್ಲ," ಎಂದೆ. "ಭಾರತ ಇದ್ದವ್ರು ಭಾರತೇ. ಭಾರತ ಗೆದ್ದಂಗೇ ಲೆಕ್ಕ."

ಬಶೀರ ಬಾಯಿ ತೆರೆಯುವ ಮೊದಲೇ, ನನ್ನ ಮಾತಿನ ನಡುವೆಯೇ, ಮಷೀನು ನಿಂತಿತ್ತು. ಅದು ಅವನಪ್ಪ ಕೆಲಸ ಮಾಡುವ ಷೆಡ್ಡು, ಚಾಚಾ ಒಳಗೇ ಇದ್ದರು. ಮೊಣಕೈ ತನಕ ಕಲ್ಲಿನ ಬಿಳಿ ರಾಡಿ ಮೆತ್ತಿಕೊಂಡು, ನಗುತ್ತ ಹೊರಬಂದರು. ನನ್ನ ಕಡೆಯ ಮಾತಷ್ಟೇ ಅವರ ಕಿವಿಗೆ ಬಿದ್ದಿತ್ತು.

"ಅರೇ ವಾಹ್! ಭಾರತ ಗೆದ್ದಿತಾ? ಅಲ್ಲಾ ಕಾ ಶುಕರ್! ಬರ್ರಿ ಬರ್ರಿ, ಬಾಯಿ ಸಿಹಿ ಮಾಡ್ಕೋರಿ." ಗೂಡಿನಲ್ಲಿದ್ದ ಬೆಲ್ಲದ ಹೆಂಟೆ ತೆಗೆದು ಕಲ್ಲಿನ ಮೇಲಿಟ್ಟು ಕುಟ್ಟಿ, ಎಲ್ಲರ ಕೈಗೂ ಒಂದೊಂದು ಚೂರು ಹಾಕಿದರು. ಮಗನ ಹತ್ತಿರ ಬಂದಾಗ ಅವನ ಗದ್ದ ಎತ್ತಿ ನೋಡಿದರು. "ನಿನ್ ಮಾರಿ ಯಾಕೋ ಸಪ್ಪಗ? ನಮ್ದೇ ಗೆದ್ದದಲ್ಲೋ ಬೇಟಾ. ನೀನೂ ಭಾರತದಾಗೇ ಅದೀಯಲ್ಲಾ?"

ತಾನು ಇಡೀ ಬೇಸಿಗೆ ಯಾವ ಹೆಸರಿನಲ್ಲಿ ಆಡಿದೆನೆಂದು ಬಶೀರ ಮನೆಯಲ್ಲಿ ಹೇಳಿಯೇ ಇರಲಿಲ್ಲ. ಅದು ನನಗೆ ಆ ಕ್ಷಣದಲ್ಲಿ ತಿಳಿಯಿತು. ಅವನು ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದ. ಸಿಟ್ಟಿರಲಿಲ್ಲ. ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದ, ಅಷ್ಟೇ. "ಹೌದು ಚಾಚಾ, ಇವ್ನೇ ಗೆದ್ದಾನ" ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಲ್ಲಿ ಬೆಲ್ಲವಿತ್ತು.

"ಹೌದ್ ಅಬ್ಬಾ," ಎಂದ ಬಶೀರ. "ಭಾರತದಾಗೇ ಇದ್ದೆ."

ಚಾಚಾ ಅವನ ಒದ್ದೆ ತಲೆ ತಟ್ಟಿ ಮತ್ತೆ ಮಷೀನಿಗೆ ಹೋದರು. ಮಳೆ ನಿಂತ ಮೇಲೆ ಎಲ್ಲರೂ ಚದುರಿದೆವು. ದಾರಿಯಲ್ಲಿ ನನಗೆ ಅಳು ಬಂತು. ಮನೆಯಲ್ಲಿ ಅವ್ವ ಯಾಕೆಂದು ಕೇಳಿದರೆ ಕಣ್ಣಿಗೆ ಕಲ್ಲಿನ ಧೂಳು ಬಿದ್ದಿದೆ ಎಂದೆ. ಆಟ ಗೆದ್ದು ಬಂದಿದ್ದೆನಲ್ಲ.

ಮರುದಿನ ಸಾಲಿಯಲ್ಲಿ ಬಶೀರ ಎಂದಿನಂತೆ ಪಕ್ಕದಲ್ಲೇ ಕುಳಿತ. ನಾನು ತಡೆಯಲಾರದೆ ಹೇಳಿದೆ, "ಬಶ್ಯಾ, ಮುಂದಿನ ಐತ್ವಾರದಿಂದ ನೀವೇ ಭಾರತ. ಹೊಸ ಹಾಳ್ಯಾಗ ಬರೀತೀನಿ." ಅವನು ಪುಸ್ತಕದ ಮೇಲಿಂದ ಕಣ್ಣೆತ್ತಲಿಲ್ಲ. "ನೀ ಹೆಂಗಂತೀ ಹಂಗ," ಎಂದ. ಬೈಯಲಿಲ್ಲ, ಅಂಗಿ ಹಿಡಿಯಲಿಲ್ಲ. ಭಾನುವಾರ ಮಷೀನ್ ಗಲ್ಲಿಯಿಂದ ಯಾರೂ ಬರಲಿಲ್ಲ. ಮೂರು ದೇಶ ಕಟ್ಟಿಕೊಂಡು ವಿಶ್ವಕಪ್ ಆಡುವುದು ಹೇಗೆಂದು ನನಗೆ ತಿಳಿಯಲಿಲ್ಲ, ಆಟ ಅಲ್ಲಿಗೇ ನಿಂತಿತು.

ಈಗ ಮಳೆ ಬಂದರೆ ಯಂತ್ರವೇ ಲೆಕ್ಕ ಹಾಕುತ್ತದೆ. ಯಾರು ಗೆದ್ದರೆಂದು ಕ್ಷಣದಲ್ಲಿ ಟೀವಿಯಲ್ಲಿ ಬರುತ್ತದೆ, ಗೊಂದಲಕ್ಕೆ ಎಡೆಯೇ ಇಲ್ಲ. ಚೆಂದದ ಸುಧಾರಣೆ, ಒಪ್ಪುತ್ತೇನೆ. ಹೋದ ವರ್ಷ ಶಹಾಬಾದಕ್ಕೆ ಹೋದಾಗ ಬಶೀರ ತನ್ನ ಷೆಡ್ಡಿನಲ್ಲಿ ನನಗೆ ಕುರ್ಚಿ ಹಾಕಿ, ಚಹಾ ತರಿಸಿದ. ಸಣ್ಣ ಟೀವಿಯಲ್ಲಿ ಮ್ಯಾಚು ನಡೆದಿತ್ತು. ಒಬ್ಬ ಬ್ಯಾಟ್ಸ್‌ಮನ್ ಬೌಲ್ಡ್ ಆದ, ಮೂರೂ ಸ್ಟಂಪು ಹಾರಿ ಬಿದ್ದವು. ನಾನು ಬೇಕಂತಲೇ, ಅವನು ಒಮ್ಮೆ ನನ್ನ ಮೇಲೆ ಎಗರಿ ಬೀಳಲಿ ಎಂಬ ಆಸೆಯಿಂದಲೇ, ಜೋರಾಗಿ ಹೇಳಿದೆ: "ನಾಟೌಟ್ ಅದು. ಔಟೇ ಅಲ್ಲ."

ಬಶೀರ ಮೆಲ್ಲಗೆ ನಕ್ಕು ಚಹಾದ ಕಪ್ಪು ನನ್ನ ಹತ್ತಿರ ಸರಿಸಿದ. "ಹೌದ್ರಿ," ಎಂದ. "ನೀವು ಹೆಂಗಂತೀರಿ ಹಂಗ."