ಸಿದ್ದವ್ವನ ಸ್ವಂತ ಅಡ್ರೆಸ್

ತಿಕೋಂಡಿಯ ಸಿದ್ದವ್ವ ಯಾರೊಂದಿಗೂ ಏನನ್ನೂ ಹಂಚಿಕೊಳ್ಳುವ ಹೆಂಗಸಲ್ಲ. ಊರಿನ ಮನೆಗಳಿಗೆ ಇಂಟರ್‌ನೆಟ್ ತಂತಿ ಎಳೆದುಕೊಟ್ಟ ಆರಿಫ ಇದನ್ನು ಚೆನ್ನಾಗಿ ಬಲ್ಲ. ಅವಳ ಮನೆಯ ಚಮಚದ ಮೇಲೂ ಹೆಸರು ಕೊರೆದಿದೆ. ಪಕ್ಕದ ಗುರುಸಿದ್ದನಿಗೆ ಒಮ್ಮೆ ಏಣಿ ಕೊಟ್ಟವಳು, ಅವನು ಅದನ್ನು ಮರಳಿ ತಂದಾಗ ಮೆಟ್ಟಿಲು ಎಣಿಸಿ ಇಟ್ಟುಕೊಂಡಳು.

ಕಣ್ಣಿನ ಪೊರೆ ತೆಗೆಸಲು ಅವಳು ವಿಜಯಪುರಕ್ಕೆ ಹೋಗಿ ಮಗಳು ಉಮಾಶ್ರೀಯ ಮನೆಯಲ್ಲಿ ಎಂಟು ದಿನ ಇರಬೇಕಿತ್ತು. ತನ್ನ ಮಾಡಗ್ಯಾಳ ತಳಿಯ ಟಗರು ಅಲ್ಲಿಂದ ಕಾಣದಿದ್ದರೆ ಹೋಗುವುದಿಲ್ಲವೆಂದು ಎರಡು ಸಲ ತಾರೀಖು ತಪ್ಪಿಸಿದ್ದಳು. ದೊಡ್ಡಿಗೆ ಕ್ಯಾಮೆರಾ ಹಾಕಿಸಿದ್ದಾಯಿತು. ಊರಲ್ಲಿ ಮೊಬೈಲಿಗೆ ಚಿತ್ರ ಬಂತು, ವಿಜಯಪುರದಲ್ಲಿ ಮಗಳ ಮೊಬೈಲಿಗೆ ಬರಲಿಲ್ಲ.

“ಇಂಟರ್‌ನೆಟ್ಟಿನ್ಯಾಗ ನಿಮ್ಮ ಮನಿಗೆ ಬ್ಯಾರೆ ಅಡ್ರೆಸ್ ಇಲ್ಲರಿ ಆಯಿ. ನಲವತ್ತು ಮನಿಗೆ ಕೂಡಿ ಒಂದ ಐತಿ. ಹೊರಗಿಂದ ಬಂದವರಿಗೆ ಯಾರ ಮನಿ ಅನ್ನೂದು ತಿಳಿಯಂಗಿಲ್ಲ,” ಎಂದ ಆರಿಫ. “ಬೇಕಂದ್ರ ಕ್ಯಾಮೆರಾ ಕಂಪನಿ ಕಡಿಂದ ನೋಡಬಹುದು.”

“ನನ್ನ ಟಗರು ಕಂಪನಿಯವರು ಯಾಕ ನೋಡಬೇಕು? ನಲವತ್ತು ಮನಿಗೆ ಒಂದ ಅಂದ್ರ, ಗುರುಸಿದ್ದನ ಜೋಡಿನೂ?”

“ಅವರ ಜೋಡಿನೂರಿ.”

“ನನ್ನ ಹೆಸರಿಲೆ ಅಡ್ರೆಸ್ ತರಿಸು. ಲಗೂನ ತರಿಸು.”

ಅಡ್ರೆಸ್ ಹಂಚುವ ಸಂಸ್ಥೆಗೆ ಆರಿಫ ಬರೆದ. ಒಂದೆರಡನ್ನು ಬಿಡಿಯಾಗಿ ಕೊಡುವುದಿಲ್ಲ, ಇನ್ನೂರೈವತ್ತಾರರ ಗುಂಪನ್ನೇ ಪಡೆಯಬೇಕು, ಅಷ್ಟನ್ನೂ ಯಾವುದಕ್ಕೆ ಬಳಸುತ್ತೀರಿ ತಿಳಿಸಿ ಎಂದು ಉತ್ತರ ಬಂತು.

“ಒಂದು ಕ್ಯಾಮೆರಾಕ್ಕ. ಉಳಿದದ್ದು ನನ್ನ ಹಂತ್ಯಾಕ ಇರ್ತಾವ. ಹಂಗಂತ ಬರಿ,” ಎಂದಳು ಸಿದ್ದವ್ವ.

ಆರಿಫ ಬರೆಯಲಿಲ್ಲ. “ಅದು ನನ್ನಂಥ ಧಂದೇದವರಿಗೆರಿ, ಮನಿಗಳಿಗಲ್ಲ. ಆದ್ರ ಹೊಸ ನಮೂನಿ ಅಡ್ರೆಸ್ ಅದಾವು. ನನಗ ಬಂದದ್ರಾಗ ನಿಮಗೊಂದು ಪಾಲು ಕೊಡತೇನಿ. ಊರ ಕುರಿಗೆಲ್ಲ ಒಂದೊಂದು ಕೊಟ್ರೂ ತೀರಂಗಿಲ್ಲ. ನನ್ನ ಕನೆಕ್ಷನ್ ಇರೂತನಕ ಅಷ್ಟ ನಿಮ್ಮವು. ಆದ್ರ ಮತ್ತೊಬ್ಬರು ಅದರಾಗ ಬರಂಗಿಲ್ಲ.”

“ಅಂದ್ರ ಬಾಡಿಗಿ ಮನಿ. ಇರಲಿ, ಬಾಗಲಾ ಆದ್ರೂ ಬ್ಯಾರೆ ಐತಿ.”

ಹೊರಡುವ ಹಿಂದಿನ ದಿನ ಆರಿಫ ಏಣಿ ಹತ್ತಿ ಕ್ಯಾಮೆರಾ ಹೊಂದಿಸಿದ. ಟಗರು ಮೆಲುಕು ಹಾಕುವುದೂ ಮೊಬೈಲಿನಲ್ಲಿ ಕಾಣುತ್ತದೆ ಎಂದು ಉಮಾಶ್ರೀ ಫೋನ್ ಮಾಡಿದಳು. ಸಿದ್ದವ್ವನ ಚೀಲ ಸಿದ್ಧವಾಗಿತ್ತು. ಅದರ ಮೇಲೂ ಹೆಸರು.

“ಇಳೀಬ್ಯಾಡ, ತಡಿ. ಒಂದೀಟು ಎಡಕ್ಕ ತಿರುವು.”

“ಎಡಕ್ಕ ಗುರುಸಿದ್ದಣ್ಣನ ದೊಡ್ಡಿ ಬರ್ತೈತಲ್ರಿ ಆಯಿ.”

“ಕಣ್ಣು ಮಂಜಾಗಿರೂದು ನಂದೋ, ನಿಂದೋ? ಬುಧವಾರ ಅವ ಅಸಂಗಿಗೆ ಲಗ್ನಕ್ಕ ಹೊಂಟಾನ. ಅವನ ಕುರಿ ಯಾರು ನೋಡಬೇಕು? ಮೊಬೈಲಿನ್ಯಾಗ ನೋಡೂ ಅಡ್ರೆಸ್ ಒಂದು ಚೀಟಿಮ್ಯಾಲ ಬರಿ.”

ಆರಿಫ ಬರೆದುಕೊಟ್ಟ. ಅವಳು ಅದನ್ನು ಮಡಚಿ, ಗೋಡೆ ಬಳಸಿ ಹೋಗಿ, ಗುರುಸಿದ್ದನ ಬಾಗಿಲ ಸಂದಿಗೆ ಸಿಕ್ಕಿಸಿ ಬಂದಳು. ಚೀಟಿಯ ಮೇಲೆ ಹೆಸರು ಹಾಕಿರಲಿಲ್ಲ.