ಒಂದೇ ನಮೂನೆಯ ಸರದಿ ಪತ್ರಗಳು

ಶಹಾಪುರದ ಕಾಲುವೆ ಕಚೇರಿಯಲ್ಲಿ ನಾನು ದಿನಗೂಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಯಾವ ಊರಿಗೆ ಯಾವಾಗ ನೀರು ಎಂದು ತಿಳಿಸುವ ಸರದಿ ಪತ್ರಗಳನ್ನು, ನಾವು ಅಕ್ಕ ಎನ್ನುತ್ತಿದ್ದ ಹಿರಿಯ ಗುಮಾಸ್ತರು ವರ್ಷಗಳಿಂದ ಟೈಪು ಮಾಡಿಡುತ್ತಿದ್ದರು. ವನದುರ್ಗದ ಪತ್ರಕ್ಕೆ ಹೂಬಳ್ಳಿಯ ಅಂಚು, ಶಿರವಾಳದ್ದಕ್ಕೆ ಜೋಡಿ ಗೆರೆ. ಆ ದಿನ ಅವರ ಮನಸ್ಸು ಹೇಗಿತ್ತೋ ಹಾಗೆ. ಯಾರೋ ಇದನ್ನು ನೋಡಿಕೊಂಡು ಮನೆಯಲ್ಲೇ ಒಂದು ಸುಳ್ಳು ಪತ್ರ ಮಾಡಿ, ಕಾಲುವೆಯ ಗೇಟು ಎತ್ತಿಸಿ ನೀರು ಬಿಡಿಸಿಕೊಂಡುಬಿಟ್ಟರು.

ಕಚೇರಿಯ ಸಾಹೇಬರು ಪತ್ರಕ್ಕೆ ಹೊಸ ಮಾದರಿ ಮಾಡಿಸಿದರು. "ಎಲ್ಲಾ ಪತ್ರ ಇದೇ ನಮೂನಿ ಆಗಬೇಕು. ಬ್ಯಾರೆ ನಮೂನಿ ಬಂದ್ರ ಗೇಟ್ ಎತ್ತಬ್ಯಾಡಂತ ಗೇಟಿನವಗ ಹೇಳೀನಿ."

ಒಂದೊಂದೇ ತೆರೆದು ಬದಲಿಸಲು ವಾರ ಬೇಕೆಂದರು ಅಕ್ಕ. ನನ್ನಂಥ ಪಂಡಿತನಿಗೆ ವಾರವೇ? ಈ ಹಂಗಾಮಿನವೂ ಸೇರಿದಂತೆ ಎಲ್ಲವನ್ನೂ ಒಟ್ಟಿಗೆ ಹಿಡಿದು ಹೊಸ ಮಾದರಿ ಹೊದಿಸಿದೆ: ತಲೆಬರಹ, ಅಂಚು, ಫಾಂಟ್ ಸಹಿತ. ಸೇವ್ ಮಾಡಿ, ಚಹಾ ಕುಡಿದು, ಇಲ್ಲದ ಮೀಸೆ ತಿರುವಿದೆ.

ಮತ್ತೆ ತೆರೆದರೆ ತಲೆಬರಹ ಥಳಥಳ. ಕೆಳಗೆ ಒಂದೂ ಕನ್ನಡ ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರಗಳು ತಲೆಯ ಮೇಲೆ ಚುಕ್ಕಿ, ಟೊಪ್ಪಿಗೆ ಇಟ್ಟುಕೊಂಡು ಮೈಮೇಲೆ ದೇವರು ಬಂದವರಂತೆ ಕುಣಿಯುತ್ತಿದ್ದವು.

ಅಷ್ಟರಲ್ಲಿ ಶಿರವಾಳದಿಂದ ಒಬ್ಬ ಅಜ್ಜಿ ಬಂದಳು. ಆಕೆಯ ಮೆಣಸಿನ ಸಸಿ ಬಾಡುತ್ತಿತ್ತು. ಆ ಸಂಜೆಯೇ ಅವರೂರಿನ ಸರದಿ. ಪತ್ರ ಗೇಟಿಗೆ ಮುಟ್ಟದಿದ್ದರೆ ನೀರು ಮುಂದಿನ ಊರಿಗೆ.

"ತಮ್ಮಾ, ನಮ್ಮೂರ ಚೀಟಿ ಕೊಡಪಾ. ಬಸ್ ನಿಂತದ."

ಗಾಬರಿಯಲ್ಲಿ ಅದನ್ನೇ ಪ್ರಿಂಟ್ ತೆಗೆದು ಕೊಟ್ಟೆ.

"ಇದೇನೋ ಇದು?"

"ಇಂಗ್ಲಿಷ್ ಅದ ಯವ್ವಾ. ಹೊಸಾ ರೂಲು."

"ನನ್ನ ಮೊಮ್ಮಗಳು ಇಂಗ್ಲಿಷ್ ಟೀಚರ್ ಅದಾಳ. ಆಕಿ ಪುಸ್ತಕದಾಗ ಅಕ್ಷರ ಟೊಪಗಿ ಹಾಕ್ಕೊಂಡಿರಂಗಿಲ್ಲ. ಯಾವ ಸಾಲ್ಯಾಗ ಕಲ್ತಿ ನೀ?"

ಅಕ್ಕ ಎದ್ದು ಬಂದು ಸ್ಕ್ರೀನ್ ನೋಡಿದರು. "ಏ ಶಾಣ್ಯಾ, ಹಳೀ ಫಾಂಟಿನಾಗ ಬರದದ್ದಕ್ಕ ಹೊಸಾ ಫಾಂಟ್ ಹಾಕಿದ್ರ ಹಿಂಗೇ ಆಗ್ತದ. ತಲಿ ಹೊಸದಿರಲಿ. ಕೆಳಗ ಹಳೀ ಫಾಂಟ್ ಹಾಕು."

ಶಿರವಾಳದ ಪತ್ರಕ್ಕೆ ಹಾಕಿದೆ. ಕನ್ನಡ ಸದ್ದಿಲ್ಲದೆ ಮರಳಿತು. ಸಾಹೇಬರ ಸಹಿ ಬಿತ್ತು. ಅಜ್ಜಿ ಅದನ್ನು ಅಕ್ಕನ ಕೈಲಿ ಓದಿಸಿಕೊಂಡು, ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಓಡಿದಳು.

ಸಂಜೆ ಗೇಟಿನವನ ಫೋನು ಬಂತು.

"ಶಿರವಾಳಕ್ಕ ನೀರು ಬಿಟ್ಟೀನ್ರಿ. ಮುದುಕಿ ಮಾತ್ರ ಕಾಲುವಿ ದಂಡಿ ಬಿಟ್ಟು ಏಳವಲ್ಲಳು."

"ಯಾಕಂತ?"

"ಹೊಲಕ್ಕ ನೀರು ಮುಟ್ಟೂತನಕ ನಿಮ್ಮ ಆಫೀಸಿನ ಮ್ಯಾಲ ಭರೋಸಾ ಇಲ್ಲಂತ್ರಿ."

ಹಳೆ ಫಾಂಟ್ ಹಾಕಲು ನಾನು ಮುಂದಿನ ಊರಿನ ಪತ್ರ ತೆರೆದೆ.